ಕ್ಯಾಲೆಂಡರಿನ ಕಾರು ನಿಂತ ಜಾಗ

ಇದು ನಿಜವಾಗಿ ನಡೆದ ಸಂಗತಿ. ನಂಬಿಕೆ ಬಾರದವರು ಕೊಚ್ಚಿಯ ಹಳೆಯ ಕನ್ನಡಿಗರಲ್ಲಿ ಯಾರನ್ನು ಬೇಕಾದರೂ ವಿಚಾರಿಸಬಹುದು. ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ಅದೇ ಇದು ನಿಜವೆನ್ನುವುದಕ್ಕೆ ಗುರುತು. ಕಟ್ಟುಕಥೆಯಾಗಿದ್ದರೆ ಎಲ್ಲರೂ ಮೊದಲೇ ಕೂತು ಮಾತಾಡಿಕೊಂಡು ಒಂದೇ ರೀತಿ ಹೇಳುತ್ತಿದ್ದರು.

ಕಥಾನಾಯಕ ಶ್ರೀಪತಿ. ಊರು ಮೈಸೂರು. ಉದ್ಯೋಗ, ಎರ್ನಾಕುಲಂನಲ್ಲಿದ್ದ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಆ ಕಚೇರಿಯ ಹೆಸರು ಎಷ್ಟು ಉದ್ದವೆಂದರೆ, ಬೋರ್ಡು ಕಟ್ಟಡದ ಮುಂಭಾಗಕ್ಕೆ ಸಾಲದೆ ಮೂಲೆ ತಿರುಗಿ ಪಕ್ಕದ ಗೋಡೆಗೂ ಹೋಗಿತ್ತು. ಅದನ್ನು ಪೂರ್ತಿ ಓದಿ ಒಳಗೆ ಬಂದವರಿಗೆ ಊಟದ ವಿರಾಮದ ಖಾಲಿ ಕುರ್ಚಿಗಳೇ ದರ್ಶನ ಕೊಡುತ್ತಿದ್ದವು. ಶ್ರೀಪತಿ ಅಲ್ಲಿಗೆ ವರ್ಗವಾಗಿ ಬಂದು ಮೂರನೆಯ ವರ್ಷ. ಫೋರ್ಟ್ ಕೊಚ್ಚಿಯಲ್ಲಿ ಮನೆ. ದಿನವೂ ಬೋಟಿನಲ್ಲಿ ಹಿನ್ನೀರು ದಾಟಿ ಕಚೇರಿಗೆ ಹೋಗುವುದು, ಸಂಜೆ ಮೀನುಬುಟ್ಟಿಗಳ ಪಕ್ಕದಲ್ಲಿ ಮೂಗು ಹಿಡಿದು ನಿಂತು ವಾಪಸು ಬರುವುದು.

ಮನೆಯೆಂದರೆ ಒಂದು ಕಾಲದಲ್ಲಿ ಯಾವನೋ ಬಿಳಿಯ ವ್ಯಾಪಾರಿ ಕಟ್ಟಿಸಿದ ಹಳೆಯ ಬಂಗಲೆಯ ಕೆಳಭಾಗ. ಮೇಲೆ ಮನೆಯೊಡತಿ ದಾಕ್ಷಾಯಣಿ ಬಾಯಿ. ಕುಂದಾಪುರದಿಂದ ಮದುವೆಯಾಗಿ ಬಂದ ಕೊಂಕಣಿ ಹೆಂಗಸಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಬಾಡಿಗೆದಾರರಿಗೆ ಬೈಯಲು ಅದನ್ನೇ ಬಳಸುತ್ತಿದ್ದರು. ಮಂಡಿನೋವಿನಿಂದ ಕೆಳಗಿಳಿಯುತ್ತಿರಲಿಲ್ಲ. ತರಕಾರಿ, ಹಾಲು, ಪೇಪರು ಎಲ್ಲಕ್ಕೂ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು. ಆದರೆ ಕೆಳಗಿನ ಕಾನೂನೆಲ್ಲ ಅವರದೇ. ಮುಂದಿನ ದೊಡ್ಡ ಗೇಟಿಗೆ ಬೀಗ. ಅದು ತೆರೆಯುವುದು ಮನೆಗೆ ಮದುಮಗ ಬರುವಾಗ, ಇಲ್ಲವೆ ಮನೆಯಿಂದ ಹೆಣ ಹೋಗುವಾಗ. ಮುಂದಿನ ಅಂಗಳ ಕೊಬ್ಬರಿ ಒಣಗಿಸಲು ಮೀಸಲು. ಅಲ್ಲಿ ಕಾಗೆಗಳಿಗೂ ಬಾಡಿಗೆದಾರರಿಗೂ ಪ್ರವೇಶವಿಲ್ಲ. ಶ್ರೀಪತಿ ದಂಪತಿಗಳು ಹಿಂದಿನ ಬಾವಿಯ ಪಕ್ಕದ ಸಂದಿಯಿಂದ ನುಸುಳಿ ಅಡುಗೆಮನೆಯ ಬಾಗಿಲಲ್ಲಿ ಓಡಾಡಬೇಕು. ಮದುಮಗ ಆಗುವ ಕಾಲ ಕಳೆದಿದ್ದರಿಂದ, ಇನ್ನೊಂದು ಗತಿಗೆ ಆತುರವಿಲ್ಲದ್ದರಿಂದ, ಶ್ರೀಪತಿ ಈ ಏರ್ಪಾಟನ್ನು ಪ್ರಶ್ನಿಸಿರಲಿಲ್ಲ.

ಎಡವಟ್ಟು ಶುರುವಾದದ್ದು ಮೊದಲ ವರ್ಷದ ದಸರಾದಲ್ಲಿ. ವರ್ಗದ ಲಾರಿಯಲ್ಲಿ ಗೊಂಬೆಗಳ ಪೆಟ್ಟಿಗೆಯ ಮೇಲೆ ಯಾರೋ ಪುಣ್ಯಾತ್ಮರು ರುಬ್ಬುವ ಕಲ್ಲು ಇಟ್ಟಿದ್ದರು. ಶ್ರೀಪತಿಯ ಹೆಂಡತಿ ಹರಿಣಾಕ್ಷಿ ಪೆಟ್ಟಿಗೆ ಬಿಚ್ಚಿದಾಗ ಪಟ್ಟದ ರಾಜನಿಗೆ ತಲೆಯಿರಲಿಲ್ಲ, ರಾಣಿಗೆ ಕೈಯಿರಲಿಲ್ಲ. ಶೆಟ್ಟಿ ಪೂರ್ತಿ ಪುಡಿಯಾಗಿ ಶೆಟ್ಟಗಿತ್ತಿ ಒಬ್ಬಳೇ ಅಂಗಡಿ ನೋಡಿಕೊಳ್ಳುತ್ತಿದ್ದಳು. ಮೇಲಿನ ಮೆಟ್ಟಿಲು ಬೋಳಾಗಿ ಕಾಣಬಾರದೆಂದು ಶ್ರೀಪತಿ, ಟ್ರಂಕಿನ ತಳಕ್ಕೆ ಹಾಸಿದ್ದ ಯಾವುದೋ ಟೈರ್ ಅಂಗಡಿಯ ಹಳೆಯ ಕ್ಯಾಲೆಂಡರನ್ನು ತೆಗೆದು, ತಾರೀಕುಗಳನ್ನು ಕತ್ತರಿಸಿ ಹಾಕಿ, ಚಿತ್ರವನ್ನು ರಟ್ಟಿಗೆ ಅಂಟಿಸಿ ನಿಲ್ಲಿಸಿದ.

ಚಿತ್ರ ಚೆನ್ನಾಗಿತ್ತು. ಕುಂಬಳಕಾಯಿ ಗಾತ್ರದ ದೀಪಗಳಿದ್ದ, ಮೇಲೆ ತೆರೆದ ಹಳೆಯ ಕಾರು. ಸ್ಟೀರಿಂಗು ಹಿಡಿದು ಪೇಟ ಕಟ್ಟಿದ ಒಬ್ಬ ಗಂಭೀರ ಮನುಷ್ಯ. ಹಿಂದೆ ಮೂರು ಕಮಾನುಗಳ ಬಿಳಿ ಕಟ್ಟಡ. ನಡುವಿನ ಕಮಾನಿನ ಮೇಲೆ ಅರ್ಧಚಂದ್ರದ ಕಿಟಕಿ, ಎಡಮೂಲೆಯ ಸೂರಿನಲ್ಲಿ ಮಳೆನೀರು ಸುರಿಯಲು ಬಾಯಿ ಕಳೆದ ಕಲ್ಲಿನ ಮೀನು, ಬಲಗಡೆ ಕಾರಿನೊಳಗೆ ಯಾರಿದ್ದಾರೆಂದು ಬಗ್ಗಿ ನೋಡುವಂತಿದ್ದ ಸೊಟ್ಟ ತೆಂಗಿನಮರ.

ಕುಂಕುಮಕ್ಕೆ ಬಂದವರಲ್ಲಿ ಒಬ್ಬರು ಇದು ಯಾವ ಊರೆಂದು ಕೇಳಿದರು. ಮೈಸೂರು ಎಂದ ಶ್ರೀಪತಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮೈಸೂರಿನಲ್ಲಿ ಎಲ್ಲಿ ಎಂದು ಇನ್ನೊಬ್ಬರು ಕೇಳಿದರು. ನಮ್ಮ ಬೀದಿಯೇ ಎಂದ. ಎರಡನೆಯ ದಸರಾದ ಹೊತ್ತಿಗೆ ಅದು ಬೀದಿಯಿಂದ ಮನೆಗೆ ಬಂದಿತ್ತು, ಮನೆಯ ಮುಂದಿನ ಕಾರು ತಾತನದಾಗಿತ್ತು, ಪೇಟದ ಮನುಷ್ಯ ಸ್ವತಃ ತಾತನಾಗಿದ್ದ. ತಾತ ಡ್ರೈವರುಗಳನ್ನು ನಂಬುತ್ತಿರಲಿಲ್ಲ, ತಾವೇ ಓಡಿಸುತ್ತಿದ್ದರು, ಅರಮನೆಯವರು ಎದುರಾದರೆ ಹಾರ್ನ್ ಮಾಡದೆ ನಮಸ್ಕಾರ ಮಾಡುತ್ತಿದ್ದರು ಇತ್ಯಾದಿ. ಅಂಬಲಮುಗಳ್ ಎಣ್ಣೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಧಾರವಾಡದ ವೀರಭದ್ರ ಮಾತ್ರ, ಸ್ಟೀರಿಂಗು ಎಡಗಡೆ ಯಾಕೈತಿ ಎಂದು ಕೇಳಿದ್ದ. ಅಮೆರಿಕದಿಂದ ನೇರವಾಗಿ ತರಿಸಿದ್ದು ಎಂದು ಶ್ರೀಪತಿ ಕಣ್ಣು ಮಿಟುಕಿಸದೆ ಹೇಳಿದ. ಶ್ರೀಪತಿಯ ನಿಜವಾದ ತಾತನ ಬಳಿ ಒಂದು ಸೈಕಲ್ಲಿತ್ತು. ಅದಕ್ಕೆ ಒಂದೇ ಪೆಡಲ್ಲಿತ್ತು.

ಮೂರನೆಯ ವರ್ಷ ಓಣಂ ರಜಕ್ಕೆ ತಿರುವನಂತಪುರದಿಂದ ಹರಿಣಾಕ್ಷಿಯ ಅಣ್ಣ ಕೃಷ್ಣಾನಂದ ಬಂದಿಳಿದರು. ತುಂಬಾದ ರಾಕೆಟ್ ಕೇಂದ್ರದಲ್ಲಿ ಅವರು ವಿಜ್ಞಾನಿ. ಅವರದೇ ಅಭಿಪ್ರಾಯದಲ್ಲಿ ತುಂಬಾದಲ್ಲಿ ತುಂಬಾ ದೊಡ್ಡ ವಿಜ್ಞಾನಿ. ತಂಗಿ ಬಡಿಸಿದ ಇಡ್ಲಿಯನ್ನೂ ವ್ಯಾಸ ನೋಡದೆ ತಿನ್ನುವವರಲ್ಲ. ಗೋಡೆಗೆ ಒರಗಿಸಿದ್ದ ಚಿತ್ರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿ, ಜೇಬಿನಿಂದ ಪಾರದರ್ಶಕ ಕೋನಮಾಪಕ ತೆಗೆದರು. ಕಂಬಗಳ ನೆರಳು ಅಳೆದರು.

"ಶ್ರೀಪತಿಗಳೇ, ಇದು ಮೈಸೂರಲ್ಲ" ಎಂದರು. "ನೆರಳು ಇಷ್ಟು ಗಿಡ್ಡವಾಗಿ ಬೀಳಬೇಕಾದರೆ ಜಾಗ ಎಂಟೂವರೆ ಡಿಗ್ರಿ ಅಕ್ಷಾಂಶದಲ್ಲಿರಬೇಕು. ಅಂದರೆ ತಿರುವನಂತಪುರ. ಗಣಿತ ಸುಳ್ಳು ಹೇಳಲ್ಲ."

ಚಿತ್ರ ಬರೆದದ್ದು ಯಾವ ತಿಂಗಳು, ಯಾವ ಹೊತ್ತು ಎಂದು ತಿಳಿಯದೆ ನೆರಳಿನಿಂದ ಊರು ಹೇಗೆ ಹೊರಡುತ್ತದೆಂದು ಯಾರೂ ಕೇಳಲಿಲ್ಲ. ವಿಜ್ಞಾನಿಯನ್ನು ಪ್ರಶ್ನಿಸುವಷ್ಟು ವಿಜ್ಞಾನ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಶ್ರೀಪತಿಗೆ ಗೊತ್ತಿದ್ದ ಗಣಿತವೆಲ್ಲ ಬೋಟಿನ ವೇಳಾಪಟ್ಟಿ. ಆದರೂ, ತಾತನ ಮನೆ ಮೊಮ್ಮಗನಿಗೆ ತಿಳಿಯದೆ ಕೋನಮಾಪಕಕ್ಕೆ ತಿಳಿಯುತ್ತದೆಯೇ ಎಂದು ಮುಖ ಕೆಂಪಗೆ ಮಾಡಿಕೊಂಡ. ಹಾಗಾದರೆ ದಸರಾದೊಳಗೆ ರುಜುವಾತು ಮಾಡೋಣ ಎಂದು ಕೃಷ್ಣಾನಂದರು ಕೈ ತೊಳೆದರು.

ಅಣ್ಣನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಹರಿಣಾಕ್ಷಿ ಗಂಡನೆದುರು ಕೂತಳು. "ನೋಡಿ, ತಾತನ ಕಾರು ಅಂತ ಕನ್ನಡ ಸಂಘದ ಹೆಂಗಸರಿಗೆಲ್ಲ ಹೇಳಿರೋದು ನಾನು. ನೀವು ನನಗೆ ಹೇಳಿದಿರಿ, ನಾನು ಊರಿಗೆ ಹೇಳಿದೆ. ಏಲೂರು ಕಾಲೋನಿಯವರಂತೂ ತಮ್ಮ ತಮ್ಮ ಊರಿಗೆ ಕಾಗದ ಬರೆದಿದ್ದಾರೆ. ಅಣ್ಣ ಎಲ್ಲರೆದುರಿಗೆ ಇದು ಸುಳ್ಳು ಅಂತ ತೋರಿಸಿಬಿಟ್ಟರೆ ನಾನು ಯಾವ ಮುಖ ಇಟ್ಕೊಂಡು ಅವರ ಮನೆ ಕುಂಕುಮಕ್ಕೆ ಹೋಗಲಿ? ತಾತ ನಿಜ ತಾನೇ?"

ಶ್ರೀಪತಿ ತಾತ ನಿಜವೆಂದು ಹೇಳಿದ. ಅದು ಸತ್ಯವೇ ಆಗಿತ್ತು. ತಾತ ಇದ್ದರು. ಕಾರಿನ ವಿಷಯ ಅವಳು ಬಿಡಿಸಿ ಕೇಳಲಿಲ್ಲ.

ಈ ಗೋಳನ್ನು ಶ್ರೀಪತಿ ಮರುದಿನ ಬೋಟಿನಲ್ಲಿ ಹೇಳಿಕೊಂಡದ್ದು ಯಾರ ಬಳಿ ಹೇಳಬಾರದಿತ್ತೋ ಅವನ ಬಳಿ. ಅವನೇ ಕಚೇರಿಯ ಸಹೋದ್ಯೋಗಿ, ಕಾಸರಗೋಡಿನ ರಾಮದಾಸ. ರಾಮದಾಸನ ಗಂಟಲಲ್ಲಿ ಒಂದು ಊರೇ ಇತ್ತು. ಬೋಟಿನ ಸೀಟಿ, ಮೇಲಧಿಕಾರಿಯ ಕೆಮ್ಮು, ದಾಕ್ಷಾಯಣಿ ಬಾಯಿಯ ಬುಟ್ಟಿ ಇಳಿಯುವಾಗಿನ ರಾಟೆ, ಯಾವುದನ್ನು ಕೇಳಿದರೂ ತೆಗೆದು ಕೊಡುತ್ತಿದ್ದ. ಒಮ್ಮೆ ಮೇಲಧಿಕಾರಿಯ ದನಿಯಲ್ಲಿ ಇಡೀ ಕಚೇರಿಗೆ ಅರ್ಧ ದಿನ ರಜ ಕೊಟ್ಟಿದ್ದ. ರಜ ಪಡೆದವರಲ್ಲಿ ಮೇಲಧಿಕಾರಿಯೂ ಇದ್ದರೆಂದು ಹೇಳುತ್ತಾರೆ. ಅಂಥವನು ಅಂದು ಶ್ರೀಪತಿಯ ಕಥೆಯನ್ನು ಬಾಯಿ ಮುಚ್ಚಿಕೊಂಡು ಕೇಳಿ, "ಪಾಪ ಮಾರಾಯ್ರೆ, ದೇವರು ಉಂಟು" ಎಂದಷ್ಟೇ ಹೇಳಿದ. ಎಚ್ಚರಾಗಬೇಕಿದ್ದದ್ದು ಅಲ್ಲೇ.

ವಾರದೊಳಗೆ ಶ್ರೀಪತಿಯ ಮೇಜಿನ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಪೈಪು ಕಚ್ಚಿಕೊಂಡಂಥ ಇಂಗ್ಲಿಷ್. ತಾನು ಕರ್ನಲ್ ಹಾರ್ಟ್ಲಿ, ಮುನ್ನಾರಿನ ಚಹಾ ತೋಟದಲ್ಲಿ ಉಳಿದುಹೋದ ಕೊನೆಯ ಬಿಳಿಯ, ಹಳೆಯ ಕಾರುಗಳ ಸಂಘದ ಅಧ್ಯಕ್ಷ. ನಿಮ್ಮ ಬಳಿ ಒಂದು ಕಾರಿನ ಚಿತ್ರವಿದೆಯಂತೆ. ಆ ಕಾರು ಈಗ ನಮ್ಮ ಸಂಘದಲ್ಲಿದೆ. ಚಿತ್ರದಲ್ಲಿರುವ ಜಾಗ ಯಾವುದೆಂದು ರುಜುವಾತು ಮಾಡಿದವರನ್ನು ಅದೇ ಕಾರಿನಲ್ಲಿ ಕೂರಿಸಿ ಫೋರ್ಟ್ ಕೊಚ್ಚಿಯ ಪರೇಡ್ ಮೈದಾನ ಸುತ್ತಿಸುತ್ತೇವೆ. ಶ್ರೀಪತಿ ನಿಂತುಕೊಂಡು ಫೋನಿಗೆ ಸಲಾಮು ಹೊಡೆದ. ಗೋಡೆಯ ಆಚೆ, ದಾಸ್ತಾನು ಕೋಣೆಯ ಎರಡನೆಯ ಫೋನಿನಲ್ಲಿ, ರಾಮದಾಸ ಲಕೋಟೆಗೆ ಮೊಹರು ಹಾಕುವ ಸೀಲಿಂಗ್ ವ್ಯಾಕ್ಸಿನ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದ.

ಅವನ ಯೋಜನೆ ಅಲ್ಲಿಗೆ ಮುಗಿದಿತ್ತು. ಎರಡು ದಿನ ನಕ್ಕು, ಮೂರನೆಯ ದಿನ ಚಹಾ ಕುಡಿಸಿ ನಿಜ ಹೇಳಿಬಿಡುವುದು. ಆದರೆ ಶ್ರೀಪತಿ ಬಿಡಬೇಕಲ್ಲ. ವಿಜಯದಶಮಿಯ ದಿನ ತಾವೇ ಕಾರಿನೊಂದಿಗೆ ಮನೆಗೆ ದಯಮಾಡಿಸಬೇಕು, ಭಾವನವರೂ ಇರುತ್ತಾರೆ, ಕನ್ನಡ ಸಂಘವೆಲ್ಲ ಸೇರುತ್ತದೆ, ತೀರ್ಪು ತಮ್ಮದು ಎಂದು ಗೋಗರೆದ. ವ್ಯಾಕ್ಸು ಗಂಟಲಿಗೆ ಹೋಗುವ ಹಂತದಲ್ಲಿದ್ದ ಕರ್ನಲ್, ಯಸ್ ಯಸ್ ಎಂದುಬಿಟ್ಟರು. ಸಂಜೆಯ ಬೋಟಿಗೆ ಮೊದಲೇ ಸುದ್ದಿ ಏಲೂರು, ಅಂಬಲಮುಗಳ್ ಎಲ್ಲ ಮುಟ್ಟಿತು. ಕರ್ನಲ್ ಸಾಹೇಬರಿಗೆ ಉಪ್ಪಿಟ್ಟು ಆಗುತ್ತದೋ ಇಲ್ಲವೋ ಎಂಬುದು ಮಾತ್ರ ಹೆಂಗಸರಲ್ಲಿ ಇತ್ಯರ್ಥವಾಗದೆ ಉಳಿಯಿತು.

ಶ್ರೀಪತಿ ರಜ ಹಾಕಿ ತಿರುವನಂತಪುರಕ್ಕೆ ಹೊರಟ. ಭಾವ ತೋರಿಸುವ ಜಾಗ ತಪ್ಪೆಂದು ಅಲ್ಲೇ ಸಾಧಿಸಿಬಿಟ್ಟರೆ ತಾತ ಉಳಿಯುತ್ತಾರೆಂಬುದು ಅವನ ಲೆಕ್ಕಾಚಾರ. ಚಿತ್ರವನ್ನು ಕೊಡೆಯ ಜೊತೆ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದರಿಂದ, ಮಳೆ ಬಂದಾಗ ಕೊಡೆ ಬಿಚ್ಚಲಾಗದೆ ತಾನು ತೊಯ್ದು ಕೊಡೆಯನ್ನು ಕಾಪಾಡಿದ.

ಕೃಷ್ಣಾನಂದರು ಆಗಲೇ ಜಾಗ ಹಿಡಿದಿಟ್ಟಿದ್ದರು. ಪೇಟೆಯಿಂದ ಸ್ವಲ್ಪ ಆಚೆ ಹಳೆಯದೊಂದು ಬಿಳಿ ಕಟ್ಟಡ, ಎದುರಿಗೆ ಸಾಲು ಅಂಗಡಿ. ಕಮಾನು ಮೂರರ ಬದಲು ಐದಿತ್ತು. ಉಳಿದೆರಡನ್ನು ಆಮೇಲೆ ಕಟ್ಟಿರಬೇಕೆಂದರು. ಮೀನು ಇರಲಿಲ್ಲ, ಉದುರಿರಬೇಕೆಂದರು. ತೆಂಗಿನಮರದ ಜಾಗದಲ್ಲಿ ಹಲಸಿತ್ತು. ಅದಕ್ಕೆ ಅವರು ಬೆನ್ನು ತಿರುಗಿಸಿದರು. ಸ್ಕೂಟರಿನಿಂದ ತೂಗುಗುಂಡು, ಟೇಪು, ಕೋನಮಾಪಕ ಇಳಿಸಿ, ಶ್ರೀಪತಿಯ ಕೈಗೆ ಟೇಪಿನ ಒಂದು ತುದಿ ಕೊಟ್ಟು ರಸ್ತೆಯ ಆ ಬದಿಗೆ ಕಳಿಸಿದರು. ತಾವು ಈ ಬದಿಯಲ್ಲಿ ನಿಂತು, ಇನ್ನೂ ಹಿಂದೆ, ಇನ್ನೂ ಹಿಂದೆ ಎಂದು ಕೂಗತೊಡಗಿದರು. ಶ್ರೀಪತಿ ಹಿಂದೆ ಹಿಂದೆ ಸರಿದು ಒಂದು ಚಹಾ ಅಂಗಡಿಯ ಒಳಗೇ ಹೋದ.

ರಸ್ತೆಯಲ್ಲಿ ಇಬ್ಬರು ಟೇಪು ಹಿಡಿದು, ಒಬ್ಬ ಅಂಗಡಿಯೊಳಗೆ ಬಂದು ನಿಂತರೆ ಅಂಗಡಿಯವನು ಏನು ತಿಳಿಯಬೇಕು? ಸರ್ಕಾರ ರಸ್ತೆ ಅಗಲ ಮಾಡುತ್ತಿದೆ, ತನ್ನ ಒಲೆಯ ತನಕ ಹೋಗುತ್ತದೆ ಎಂದು ತಿಳಿದ. ಕ್ಷಣದಲ್ಲಿ ಶ್ರೀಪತಿಯ ಕೈಗೆ ಚಹಾ, ಪಳಂಪೊರಿ ಎನ್ನುವ ಬಾಳೆಹಣ್ಣಿನ ಬಜ್ಜಿ ಬಂದವು. ಎದುರು ಬದಿಯಲ್ಲಿ ಕೃಷ್ಣಾನಂದರಿಗೆ ಕುರ್ಚಿ ಬಂತು, ಎಳನೀರು ಬಂತು, ಜವಳಿ ಅಂಗಡಿಯವನು ಬೀಸಣಿಗೆ ಹಿಡಿದ. ಅವರು ಎಳನೀರು ಹೀರಿ, ನೋಡಿ ಶ್ರೀಪತಿಗಳೇ, ಕೇರಳದ ಜನರಿಗೆ ವಿಜ್ಞಾನದ ಮೇಲೆ ಎಷ್ಟು ಗೌರವ ಎಂದು ಗದ್ಗದರಾದರು.

ಗೌರವ ಬಹಳ ಹೊತ್ತು ಉಳಿಯಲಿಲ್ಲ. ಇಷ್ಟೆಲ್ಲ ತಿಂದರೂ ಟೇಪು ಮಡಿಸದಿದ್ದಾಗ, ಇವರು ತಿಂದು ತೇಗಿ ಅಂಗಡಿಯನ್ನೂ ನುಂಗುವವರೆಂದು ಖಾತ್ರಿಯಾಯಿತು. ಆ ಊರಲ್ಲಿ ಮೆರವಣಿಗೆಗೆ ಮುಹೂರ್ತ ನೋಡುವ ಪದ್ಧತಿಯಿಲ್ಲ. ಎಲ್ಲಿಂದಲೋ ಬಾವುಟ ಬಂತು, ಅದರ ಹಿಂದೆ ಜನ ಬಂದರು, ಜನರ ಹಿಂದೆ ಇನ್ನೊಂದು ಬಣ್ಣದ ಬಾವುಟ ಬಂತು. ಎರಡೂ ಬಾವುಟದವರು ಜನ್ಮದಲ್ಲಿ ಮೊದಲ ಸಲ ಒಂದಾಗಿ ಸಿಂದಾಬಾದ್ ಎಂದರು. ಹಿಂದೆಯೇ ಒಬ್ಬ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಬಂದು, ಅಳೆಯಲು ಹುಕುಂ ಎಲ್ಲಿ ಎಂದು ಕೇಳಿದ. ಶ್ರೀಪತಿ ಚಿತ್ರ ತೋರಿಸಿ, ತನ್ನ ಮೂರು ವರ್ಷದ ಮಲಯಾಳವನ್ನೆಲ್ಲ ಒಟ್ಟುಗೂಡಿಸಿ, ಕಾರಿನಲ್ಲಿರುವುದು ನನ್ನ ತಾತ, ಅವರು ಎಲ್ಲಿದ್ದಾರೆಂದು ಹುಡುಕುತ್ತಿದ್ದೇವೆ ಎಂದ. ಕಾನ್‌ಸ್ಟೇಬಲ್ಲನ ಮುಖ ಮೆತ್ತಗಾಯಿತು. ಎಷ್ಟು ದಿನದಿಂದ ಕಾಣೆಯಾಗಿದ್ದಾರೆ ಎಂದು ಕೇಳಿದ. ಜನ ಬಾವುಟ ಇಳಿಸಿ ಚಿತ್ರದ ಸುತ್ತ ಮುತ್ತಿಕೊಂಡರು. ಪೇಟದ ಮುದುಕರೊಬ್ಬರನ್ನು ಹಿಂದಿನ ದಿನ ಬಸ್ ನಿಲ್ದಾಣದ ಬಳಿ ನೋಡಿದೆನೆಂದು ಜವಳಿಯವನು ಪ್ರಮಾಣ ಮಾಡಿದ. ಭಾವನೆಂಟರಿಬ್ಬರೂ ಆ ಮುದುಕರನ್ನು ಹುಡುಕುವ ನೆಪದಲ್ಲಿ ಸ್ಕೂಟರ್ ಹತ್ತಿ ಪಾರಾದರು.

ಇಷ್ಟಾದರೂ ಕೃಷ್ಣಾನಂದರ ತೀರ್ಮಾನ ಅಲುಗಲಿಲ್ಲ. ಜಾಗ ಅದೇ, ವಿಜಯದಶಮಿಗೆ ಬಂದು ಕರ್ನಲ್ ಮುಂದೆ ಗಣಿತ ಮಂಡಿಸುತ್ತೇನೆ ಎಂದರು. ಶ್ರೀಪತಿ ರೈಲಿನಲ್ಲಿ ವಾಪಸು ಬರುವಾಗ ತಾತನ ಮುಖ ನೋಡಿದ. ಪೇಟದ ಮನುಷ್ಯ ಅವನನ್ನು ಗುರುತೇ ಇಲ್ಲದವನಂತೆ ನೋಡುತ್ತಿದ್ದ.

ಇತ್ತ ರಾಮದಾಸನಿಗೆ ಅನ್ನ ಸೇರುತ್ತಿರಲಿಲ್ಲ. ಕರ್ನಲ್‌ಗೆ ಜ್ವರ ಬರಿಸಬಹುದು. ಆದರೆ ಕನ್ನಡ ಸಂಘದವರು ಮುನ್ನಾರಿಗೇ ಹಣ್ಣು ತೆಗೆದುಕೊಂಡು ಹೋಗುವ ಪೈಕಿ. ಕೊನೆಗೆ ವೀರಭದ್ರನ ಕಾಲಿಗೆ ಬಿದ್ದು ನಿಜ ಹೇಳಿದ. ವೀರಭದ್ರ ಹೊಟ್ಟೆ ಹಿಡಿದುಕೊಂಡು ನಕ್ಕು, "ಅದಕ್ಯಾಕ ಅಷ್ಟ ಹೆದರ್ತೀರಿ? ನಮ್ಮ ಗುರ್ತಿನ ಚಹಾ ವ್ಯಾಪಾರಿ ಒಬ್ಬಾಂವ ಅದಾನ, ಅವನ ಶೆಡ್ಡಿನ್ಯಾಗ ಅವರಪ್ಪನ ಕಾಲದ ಗಾಡಿ ಐತಿ. ನಾ ತಲಿಗೆ ಪಟಗಾ ಸುತ್ತಿ ಡ್ರೈವರ್ ಆಗ್ತೀನಿ, ನೀವು ಕೋಟು ಹಾಕ್ಕೊಂಡು ಕರ್ನಲ್ ಆಗ್ರಿ. ಯಾರಿಗೂ ಬಹುಮಾನ ಇಲ್ಲಂತ ಹೇಳಿ ಉಪ್ಪಿಟ್ಟು ತಿಂದು ಬರೂಣು" ಎಂದ. ಮೀಸೆಗೆ ಆಲಪ್ಪುಳದ ತೆಂಗಿನ ನಾರು, ಅಂಟಿಗೆ ಕಚೇರಿಯ ಗೋಂದು.

ವಿಜಯದಶಮಿಯ ಬೆಳಿಗ್ಗೆ ಮನೆಯಲ್ಲಿ ಗಂಡಸರಿಗೆ ಕಾಲಿಡಲು ಜಾಗವಿರಲಿಲ್ಲ. ಶ್ರೀಪತಿ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದ ಹಿಂದಿನ ಜಗಲಿಯಲ್ಲಿ ಹೆಂಗಸರು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು. ಮೇಲಿನ ಕಿಟಕಿಯಿಂದ ಬುಟ್ಟಿ ಇಳಿಯಿತು. ಅದರಲ್ಲಿ ಕೈಯಷ್ಟುದ್ದದ ಒಂದು ಬೀಗದ ಕೈ.

"ಶ್ರೀಪತಿ ಸಾರ್, ಕಾರು ಬರುವುದು ಅಂತ ಹೇಳಿದ್ರಲ್ಲ, ಮುಂದಿನ ಗೇಟು ತೆಗೀರಿ" ಎಂದರು ದಾಕ್ಷಾಯಣಿ ಬಾಯಿ. "ಸಂಜೆ ವಾಪಸು ಬೀಗ ಹಾಕ್ಬೇಕು. ಕೊಬ್ಬರಿ ಮೆಟ್ಟಬೇಡಿ."

ಹೀಗೆ ಶ್ರೀಪತಿ ಒಂದು ಕೈಯಲ್ಲಿ ಬೀಗದ ಕೈ, ಒಂದು ಕೈಯಲ್ಲಿ ಕ್ಷೌರದ ಸಾಮಾನು ಹಿಡಿದು ಮೊದಲ ಬಾರಿಗೆ ಮುಂದಿನ ಅಂಗಳಕ್ಕೆ ಕಾಲಿಟ್ಟ. ಕೊಬ್ಬರಿ ಮೆಟ್ಟದಂತೆ ನೆಲವನ್ನೇ ನೋಡಿಕೊಂಡು ಗೇಟಿನ ತನಕ ಹೋದ. ತುಕ್ಕು ಹಿಡಿದ ಬೀಗದೊಂದಿಗೆ ಗುದ್ದಾಡಿ ತೆರೆದ. ಬೆಳಕು ಅಲ್ಲಿ ಚೆನ್ನಾಗಿತ್ತು. ಕನ್ನಡಿಯನ್ನು ಗೇಟಿನ ಸರಳಿಗೆ ನೇತುಹಾಕಿ, ಮನೆಗೆ ಬೆನ್ನು ಮಾಡಿ ನಿಂತು, ಮುಖಕ್ಕೆ ಸೋಪು ಬಳಿದು, ಒಂದು ಕೆನ್ನೆ ಮುಗಿಸಿದ. ಇನ್ನೊಂದು ಕೆನ್ನೆಗಾಗಿ ತಲೆ ವಾಲಿಸಿದಾಗ ಕನ್ನಡಿಯಲ್ಲಿ ಅವನ ಕಿವಿಯ ಪಕ್ಕ ಒಂದು ಮೀನು ಬಾಯಿ ತೆರೆಯಿತು.

ಎಡಮೂಲೆಯಲ್ಲಿ ಮೀನು. ನಡುವೆ ಮೂರು ಕಮಾನು. ಬಿದಿರು ತಟ್ಟಿ ಕಟ್ಟಿ ಮುಚ್ಚಿದ್ದರೂ ಕಮಾನು ಕಮಾನೇ. ಮೇಲೆ ಅರ್ಧಚಂದ್ರದ ಕಿಟಕಿ, ಅದರಲ್ಲಿ ದಾಕ್ಷಾಯಣಿ ಬಾಯಿಯ ಇನ್ನೊಂದು ಬುಟ್ಟಿ. ಬಲಗಡೆ ಸೊಟ್ಟ ತೆಂಗಿನಮರದ ಮೋಟು. ಟೈರ್ ಅಂಗಡಿಯ ಕ್ಯಾಲೆಂಡರು ಕನ್ನಡಿಯೊಳಗೆ ಹೋಗಿ ಕೂತಿತ್ತು. ಕಾರು ನಿಲ್ಲುವ ಜಾಗದಲ್ಲಿ ಸೋಪಿನ ಮುಖದ ಅವನು ನಿಂತಿದ್ದ. ಶ್ರೀಪತಿ ತಿರುಗಿ ನೋಡಿದ. ಮೀನು ಬಲಕ್ಕೆ ಓಡಿತು, ಮರ ಎಡಕ್ಕೆ ಬಂತು, ಯಾವುದೋ ಬೇರೆ ಮನೆ. ಕನ್ನಡಿಗೆ ತಿರುಗಿದ. ಮತ್ತೆ ಕ್ಯಾಲೆಂಡರು. ನಾಲ್ಕಾರು ಬಾರಿ ಹೀಗೆ ಗಿರಗಿರ ತಿರುಗಿದ್ದನ್ನು ಎದುರು ಮನೆಯವರು ನೋಡಿ, ದಸರಾದಲ್ಲಿ ಮೈಸೂರಿನವರು ಮಾಡುವ ಪೂಜೆಯಿರಬೇಕೆಂದು ಕೈ ಮುಗಿದರು.

ಅಚ್ಚಿನವನು ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚು ಹಾಕಿದ್ದ. ಅದಕ್ಕೇ ಸ್ಟೀರಿಂಗು ಎಡಕ್ಕಿತ್ತು. ಅಮೆರಿಕ ಪಾಪ ಸುಮ್ಮನೆ ಸಿಕ್ಕಿಬಿದ್ದಿತ್ತು.

ಗೆದ್ದೆನೆಂದು ಶ್ರೀಪತಿ ಕುಣಿಯುವುದರಲ್ಲಿದ್ದ. ಆಗ ತಾತ ನೆನಪಾದರು. ಜಾಗ ಕೊಚ್ಚಿಯೆಂದು ಬಾಯಿಬಿಟ್ಟರೆ ಭಾವ ಸೋಲುತ್ತಾರೆ, ಕಾರಿನ ಮೆರವಣಿಗೆ ತನ್ನದಾಗುತ್ತದೆ, ತಾತ ಮಾತ್ರ ಕಾರಿನಿಂದ ಕೆಳಗೆ ಬೀಳುತ್ತಾರೆ. ಅವರ ಜೊತೆಗೆ ಹರಿಣಾಕ್ಷಿಯ ಮಾನವೂ. ಬಾಯಿಬಿಡದಿದ್ದರೆ ಭಾವನ ಐದು ಕಮಾನು ಗೆಲ್ಲುತ್ತದೆ, ಆಗಲೂ ತಾತ ಬೀಳುತ್ತಾರೆ. ಯಾವ ಕಡೆಯಿಂದ ನೋಡಿದರೂ ತಾತನಿಗೆ ಉಳಿಗಾಲವಿಲ್ಲ. ಶ್ರೀಪತಿ ಈ ಚಿಂತೆಯಲ್ಲಿ ಇನ್ನೊಂದು ಕೆನ್ನೆಯನ್ನು ಮರೆತೇಬಿಟ್ಟ.

ಅಂಗಳ ತುಂಬಿತು. ಏಲೂರಿನವರು, ಅಂಬಲಮುಗಳಿನವರು, ಕೋನಮಾಪಕದೊಂದಿಗೆ ಕೃಷ್ಣಾನಂದರು. ಹತ್ತಿರದಲ್ಲಿ ಎಲ್ಲೋ ತಗಡಿನ ಅಂಗಡಿ ಉರುಳಿದಂಥ ಸದ್ದಾಯಿತು. ಕಾರು ಬಂತು. ಮುಂದೆ ಪಟಗಾ ಸುತ್ತಿದ ಡ್ರೈವರು, ಹಿಂದೆ ಕೋಟು, ಟೊಪ್ಪಿ, ಪೊದೆ ಮೀಸೆಯ ಕರ್ನಲ್ ಸಾಹೇಬರು. ಕೃಷ್ಣಾನಂದರು ಗಂಟಲು ಸರಿಮಾಡಿಕೊಂಡು ಎಂಟೂವರೆ ಡಿಗ್ರಿಯಿಂದ ಶುರು ಮಾಡುವುದರಲ್ಲಿದ್ದರು.

ಅರ್ಧ ಕ್ಷೌರದ ಶ್ರೀಪತಿ ಕೈ ಅಡ್ಡ ಹಿಡಿದ. "ಡ್ರೈವರೇ, ಸ್ವಲ್ಪ ಹಿಂದಕ್ಕೆ. ಇನ್ನೂ ಸ್ವಲ್ಪ ಎಡಕ್ಕೆ. ಸಾಕು" ಎಂದ. ಆಮೇಲೆ ಭಾವನ ಭುಜ ಹಿಡಿದು ಮನೆಗೆ ಬೆನ್ನು ಮಾಡಿ ನಿಲ್ಲಿಸಿ, ಒಂದು ಕೈಗೆ ಚಿತ್ರ, ಒಂದು ಕೈಗೆ ಕ್ಷೌರದ ಕನ್ನಡಿ ಕೊಟ್ಟ.

ಕೃಷ್ಣಾನಂದರು ಕನ್ನಡಿ ನೋಡಿದರು. ಚಿತ್ರ ನೋಡಿದರು. ತಿರುಗಿ ಮನೆ ನೋಡಿದರು. ರಾಕೆಟ್ಟು ಮೇಲೆ ಹೋಗದೆ ಪಕ್ಕಕ್ಕೆ ಹೋದಾಗಿನ ಮುಖಭಾವ ಅವರದಾಯಿತು. ಕನ್ನಡಿ ಕೈಯಿಂದ ಕೈಗೆ ಹೋಯಿತು. ಸಂಘದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬೆನ್ನು ತೋರಿಸಿ ನಿಂತು ಮನೆ ನೋಡಿದರು. ಮೇಲಿನ ಅರ್ಧಚಂದ್ರದ ಕಿಟಕಿಯಿಂದ ದಾಕ್ಷಾಯಣಿ ಬಾಯಿ, ಗಲಾಟೆ ಎಂತದ್ದು ಎಂದು ವಿಚಾರಿಸಿ, ಚಿತ್ರವನ್ನು ಬುಟ್ಟಿಯಲ್ಲಿ ಮೇಲೆ ಎಳೆದುಕೊಂಡರು.

"ಇದು ನಮ್ಮ ಮನೆಯೇ ಅಲ್ವಾ" ಎಂದರು. "ನಾನು ಮದುವೆಯಾಗಿ ಬಂದ ವರ್ಷ ಒಬ್ಬ ಬಿಳಿಯ ಗೇಟಿನ ಹತ್ತಿರ ಕೂತು ಬರೆದದ್ದು. ಮರದ ಬೊಂಡ ಎಲ್ಲ ಅವನೇ ಕುಡಿದು ಖಾಲಿ ಮಾಡಿದ್ದ. ಈ ಮೂರು ವರ್ಷ ನೀವು ಕೆಳಗೆ ಗೊಂಬೆ ಇಟ್ರಿ, ಒಂದು ದಿನವಾದರೂ ಮೇಲೆ ತಂದು ತೋರಿಸಿದ್ದುಂಟಾ?"

"ಒಂದೂವರೆ ಡಿಗ್ರಿ ಮಾತ್ರ ವ್ಯತ್ಯಾಸ" ಎಂದರು ಕೃಷ್ಣಾನಂದರು ಮೆಲ್ಲಗೆ.

ಡ್ರೈವರನಿಗೆ ತಡೆಯಲಾಗಲಿಲ್ಲ. "ಒಂದೂವರಿ ಡಿಗ್ರಿ ತಪ್ಪಿದ್ರ ನಿಮ್ಮ ರಾಕೆಟ್ ಯಾರ ಹಿತ್ತಲದಾಗ ಬೀಳ್ತೈತ್ರೀ?" ಎಂದ. ಮುನ್ನಾರಿನ ಡ್ರೈವರು ಧಾರವಾಡದ ಕನ್ನಡ ಹೇಗೆ ಮಾತಾಡಿದನೆಂದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಕೃಷ್ಣಾನಂದರು ಸೋಲನ್ನು ಒಬ್ಬರೇ ಹೊರುವವರಲ್ಲ. ಚಿತ್ರದತ್ತ ಬೆರಳು ಮಾಡಿದರು.

"ಸರಿ, ಮನೆ ಕೊಚ್ಚಿಯದು. ಹಾಗಾದರೆ ಮೈಸೂರಿನ ನಿಮ್ಮ ತಾತ ಇಲ್ಲಿ ಏನು ಮಾಡ್ತಿದಾರೆ, ಶ್ರೀಪತಿಗಳೇ?"

ಏಲೂರಿನ ಹೆಂಗಸರು ಹರಿಣಾಕ್ಷಿಯ ಕಡೆ ತಿರುಗಿದರು. ಶ್ರೀಪತಿ ಸೋಪು ಒಣಗಿದ ಕೆನ್ನೆಯನ್ನು ಸವರಿಕೊಂಡು ಬಾಯಿ ತೆರೆದ. ಸೈಕಲ್ಲಿನ ಒಂದು ಪೆಡಲು ಅವನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹರಿಣಾಕ್ಷಿ ಕಾಫಿಯ ತಟ್ಟೆ ಹಿಡಿದು ಮುಂದೆ ಬಂದಳು. ಗಂಡನ ಮುಖವನ್ನು ಒಂದು ಸಲ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ಮೊಮ್ಮಗನಿಗೆ ಮುಂದೆ ಈ ಊರಿಗೆ ವರ್ಗ ಆಗುತ್ತೆ ಅಂತ ಮೊದಲೇ ಬಂದು ಮನೆ ನೋಡಿಟ್ಟು ಹೋಗಿದಾರೆ, ಅಣ್ಣ" ಎಂದಳು, ಒಂದಿಷ್ಟೂ ನಗದೆ. "ಹಿರಿಯರು ಅಂದರೆ ಹಾಗಿರಬೇಕು. ಕರ್ನಲ್ ಸಾಹೇಬರೇ, ಕಾಫಿ ತಗೊಳ್ಳಿ."

ಜನಕ್ಕೆ ನಗಬೇಕೋ ನಂಬಬೇಕೋ ತಿಳಿಯಲಿಲ್ಲ. ಕರ್ನಲ್ ಸಾಹೇಬರು ಗಾಬರಿಯಲ್ಲಿ ಹಬೆಯಾಡುವ ಕಾಫಿಯನ್ನು ಮೂಗಿನ ತನಕ ಎತ್ತಿದರು. ಕಚೇರಿಯ ಗೋಂದು ಕಡತಗಳಲ್ಲೇ ನಿಲ್ಲುವುದಿಲ್ಲ, ಹಬೆಯಲ್ಲಿ ನಿಲ್ಲುತ್ತದೆಯೇ? ಮೀಸೆಯ ಎಡಭಾಗ ಲೋಟದೊಳಗೆ ಇಳಿಯಿತು. ಬಲಭಾಗ ಸ್ವಲ್ಪ ಯೋಚಿಸಿ ಹಿಂಬಾಲಿಸಿತು. ಲೋಟದ ಮೇಲೆ ಉಳಿದದ್ದು ಕಾಸರಗೋಡಿನ ರಾಮದಾಸನ ಮುಖ.

ಕೃಷ್ಣಾನಂದರ ಕೈಯಿಂದ ಕೋನಮಾಪಕ ಬಿತ್ತು. ಡ್ರೈವರು ಪಟಗಾವನ್ನು ಮೂಗಿನ ತನಕ ಎಳೆದುಕೊಂಡ. ಎಲ್ಲರೂ ಶ್ರೀಪತಿಯನ್ನು ನೋಡಿದರು. ರಜ ಹಾಕಿ, ಮಳೆಯಲ್ಲಿ ತೊಯ್ದು, ಎರಡು ಬಾವುಟಗಳ ನಡುವೆ ಸಿಕ್ಕಿ, ಪೊಲೀಸಿಗೆ ತಾತನನ್ನು ಒಪ್ಪಿಸಿ ಬಂದವನು ಈಗ ಏನು ಮಾಡುತ್ತಾನೋ ಎಂದು ರಾಮದಾಸ ಒಂದು ಹೆಜ್ಜೆ ಹಿಂದೆ ಸರಿದು ಕೊಬ್ಬರಿ ಮೆಟ್ಟಿದ.

"ಕ್ಷಮಿಸಿ ಮಾರಾಯ್ರೆ" ಎಂದ. "ಕರ್ನಲ್ ಇಲ್ಲ. ಸಂಘ ಇಲ್ಲ. ಕಾರೂ ಚಿತ್ರದ್ದಲ್ಲ, ಬೇಡಿ ತಂದದ್ದು."

ಶ್ರೀಪತಿ ಲೋಟದಲ್ಲಿ ತೇಲುವ ಮೀಸೆ ನೋಡಿದ, ಪಟಗಾದೊಳಗಿನ ವೀರಭದ್ರನನ್ನು ನೋಡಿದ, ತಾನು ಮೂರು ವರ್ಷ ಹಿಂದಿನ ಸಂದಿಯಿಂದ ನುಸುಳಿದ ಮನೆಯನ್ನು ನೋಡಿದ.

"ಕರ್ನಲ್ ಸುಳ್ಳು, ಕಾರು ಸುಳ್ಳು" ಎಂದ. "ನಮ್ಮ ತಾತನ ಹತ್ತಿರ ಇದ್ದದ್ದು ಒಂದು ಪೆಡಲಿನ ಸೈಕಲ್ಲು. ಇದರಲ್ಲಿ ನಿಜ ಅಂತ ಒಂದೇ ಒಂದಿದ್ದರೆ ಅದು ನಾನು ಬಾಡಿಗೆ ಕೊಡೋ ಮನೆ." ಹಾಗೆಂದವನು ಕಾರಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತ. "ಆದರೆ ಮಾತು ಮಾತೇ, ಕರ್ನಲ್. ಜಾಗ ಹಿಡಿದಿದ್ದೇನೆ. ಪರೇಡ್ ಮೈದಾನಕ್ಕೆ ಹೊರಡಿ."

ಹರಿಣಾಕ್ಷಿ ಅವನ ಪಕ್ಕದಲ್ಲಿ ಹೋಗಿ ಕೂತಳು. ವೀರಭದ್ರ ಕೀಲಿ ತಿರುಗಿಸಿದ. ಕಾರು ಒಮ್ಮೆ ಕೆಮ್ಮಿ, ಮೇಲಧಿಕಾರಿಯಂತೆ ಸುಮ್ಮನಾಯಿತು. ರಾಮದಾಸ ಕೋಟು ಬಿಚ್ಚಿ ಹಿಂದೆ ನಿಂತು ತಳ್ಳಿದ. ಸಾಲಲಿಲ್ಲ. ಏಲೂರಿನವರು ಬಂದರು. ಆಗಲೂ ಸಾಲಲಿಲ್ಲ. ಕೊನೆಗೆ ಕೃಷ್ಣಾನಂದರು ಪ್ಯಾಂಟು ಮೇಲೆತ್ತಿ ಕಟ್ಟಿಕೊಂಡು ಹೆಗಲು ಕೊಟ್ಟರು. ಆಕಾಶಕ್ಕೆ ರಾಕೆಟ್ಟು ಬಿಡುವವರ ಬಲದಿಂದ ಕಾರು ಗೇಟು ದಾಟಿ, ಎದುರು ಮನೆಯವರ ಕೈಮುಗಿದ ಸಾಲಿನ ಮುಂದೆ ಉರುಳತೊಡಗಿತು. ಮೇಲಿನ ಕಿಟಕಿಯಿಂದ ದಾಕ್ಷಾಯಣಿ ಬಾಯಿ, ಈ ಗೇಟಿನಲ್ಲಿ ಇಷ್ಟು ಗಲಾಟೆಯ ದಿಬ್ಬಣ ಇದೇ ಮೊದಲು ಎಂದರು. ದಾರಿಯುದ್ದಕ್ಕೂ ಎಲ್ಲರೂ ನಗುತ್ತಿದ್ದರು. ಆದರೆ ಹಿಂದಿನ ಸೀಟಿನಿಂದ ಬರುತ್ತಿದ್ದ ನಗು ಬೋಟ್ ಜೆಟ್ಟಿಯ ತನಕ ಕೇಳಿ, ಹೊರಟ ಬೋಟು ಯಾರೋ ಕರೆದರೆಂದು ನಿಂತಿತಂತೆ.

ಮೈದಾನದ ಅಂಚಿನಲ್ಲಿ ಕೃಷ್ಣಾನಂದರು ಏದುಸಿರು ಬಿಡುತ್ತ ತಲೆಯೆತ್ತಿದರು. "ಇನ್ನೂ ಎಲ್ಲಿಯ ತನಕ ತಳ್ಳಬೇಕು, ಶ್ರೀಪತಿಗಳೇ?"

ಶ್ರೀಪತಿ ಅರ್ಧ ಕ್ಷೌರದ ಮುಖವನ್ನು ಹಿಂದಕ್ಕೆ ತಿರುಗಿಸಿ, ಬಹಳ ಗಂಭೀರವಾಗಿ, "ತಾತನ ಮನೆಯ ತನಕ, ಭಾವ. ಮೈಸೂರಿಗೆ" ಎಂದ. ಆಮೇಲೆ ಗಾಂಭೀರ್ಯ ಉಳಿಯಲಿಲ್ಲ.